ಅಪ್ಪ ಅಮ್ಮನಿಗೆ ಅರೋರಾ ತೋರಿಸಿದ ಬಗೆ

ಅಪ್ಪ ಅಮ್ಮ ಮೊದಲ ಸಲ ಆರು ತಿಂಗಳ ಮಟ್ಟಿಗೆ ಇಲಿನಾಯ್ಸ್‌ನ ಅರೋರಾದಲ್ಲಿರುವ ನಮ್ಮ ಮನೆಗೆ ಬಂದಾಗ, ಎರಡನೆಯ ವಾರಾಂತ್ಯದಲ್ಲೇ ನಾನು ಅವರನ್ನು ಶಿಕಾಗೋದ ಗಗನಚುಂಬಿಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಅಲೆಸಿದೆ. ಅಮ್ಮನ ಮೊಣಕಾಲು ಊದಿಕೊಂಡು ನಾಲ್ಕು ದಿನ ಮಂಚ ಬಿಟ್ಟು ಏಳಲಾಗಲಿಲ್ಲ. ವಾರದ ದಿನಗಳಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋದರೆ ಅವರಿಗೆ ಕಿಟಕಿಯಾಚೆ ಕಾಣುತ್ತಿದ್ದದ್ದು ಹುಲ್ಲುಹಾಸು ಮತ್ತು ನಿಂತ ಕಾರುಗಳು. ನಡೆದು ಹೋಗಿ ಮಾತಾಡಿಸಿ ಬರಲು ಒಂದು ಅಂಗಡಿಯೂ ಹತ್ತಿರದಲ್ಲಿರಲಿಲ್ಲ. ನೋಡುವ ಜಾಗಗಳಿಗಿಂತ ಮೊದಲು ಅವರಿಗೆ ಬೇಕಾದದ್ದು ಪರಿಚಯದ ನಾಲ್ಕು ಮುಖಗಳು ಎಂಬುದು ಆಗ ಹೊಳೆಯಿತು, ಅಲ್ಲಿಂದ ನಾನು ದಿನಚರಿಯನ್ನು ತಿರುಗಿಸಿ ಹಾಕಿದೆ.

ಪ್ರತಿ ಶನಿವಾರ ಬೆಳಿಗ್ಗೆ ಮೊದಲು ಬಾಲಾಜಿ ದೇವಸ್ಥಾನ, ಆಮೇಲೆ ಉಳಿದದ್ದು. 1986ರಿಂದ ಪೂಜೆ ನಡೆಯುತ್ತಿರುವ ಈ ದೇವಸ್ಥಾನದ ಗೋಪುರ ಸಲಿವನ್ ರಸ್ತೆಯ ಬಯಲಿನ ನಡುವೆ ಕಾಣಿಸಿದಾಗಲೆಲ್ಲ ಅಪ್ಪ ಮಾತು ನಿಲ್ಲಿಸಿ ಕಾರಿನೊಳಗೇ ಕೈ ಮುಗಿಯುತ್ತಿದ್ದರು. ವೆಂಕಟೇಶ್ವರನ ಜೊತೆಗೆ ಶಿವ, ಪಾರ್ವತಿ, ಗಣಪತಿ ಎಲ್ಲರೂ ಒಂದೇ ಸೂರಿನಡಿ ಇರುವುದು ಅಮ್ಮನಿಗೆ ಮೊದಲ ದಿನ ಸ್ವಲ್ಪ ಇರುಸುಮುರುಸಾಯಿತು. ಮೂರನೆಯ ವಾರದ ಹೊತ್ತಿಗೆ, ಇಷ್ಟು ಚಳಿಯ ಊರಿನಲ್ಲಿ ದೇವರುಗಳೂ ಒಟ್ಟುಕುಟುಂಬ ಮಾಡಿಕೊಂಡಿರುವುದೇ ಸರಿ ಎಂದು ತಾವೇ ತೀರ್ಮಾನಿಸಿದರು.

ನಾನು ಅಲ್ಲಿ ಊಟ ಬಡಿಸುವ ಸೇವೆಗೆ ಹೆಸರು ಕೊಟ್ಟೆ. ಭಕ್ತಿಗಿಂತ ಲೆಕ್ಕಾಚಾರವೇ ಇದರಲ್ಲಿ ಹೆಚ್ಚಿತ್ತು ಎಂದು ಒಪ್ಪಿಕೊಳ್ಳುತ್ತೇನೆ: ನಾನು ಎರಡು ಗಂಟೆ ಸೌಟು ಹಿಡಿದು ನಿಂತರೆ ಅವರಿಬ್ಬರೂ ಅಷ್ಟು ಹೊತ್ತು ಅಲ್ಲೇ ಕೂರಬೇಕಾಗುತ್ತಿತ್ತು, ಕೂತವರು ಪಕ್ಕದವರನ್ನು ಮಾತಾಡಿಸದೆ ಇರುವ ಜನವಲ್ಲ. ಪುಳಿಯೋಗರೆಯ ತಟ್ಟೆ ಹಿಡಿದ ಅಮ್ಮ ಎದುರಿನ ತೆಲುಗು ಅಜ್ಜಿಗೆ ಕನ್ನಡದಲ್ಲಿ, ಆಕೆ ಅಮ್ಮನಿಗೆ ತೆಲುಗಿನಲ್ಲಿ, ಮಂಡಿನೋವಿನ ಎಣ್ಣೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದನ್ನು ಬಡಿಸುತ್ತಲೇ ಕೇಳಿಸಿಕೊಂಡೆ. ತಿಂಗಳೊಳಗೆ ದಾವಣಗೆರೆಯ ಕಡೆಯ ದಂಪತಿಗಳೊಬ್ಬರು ಸಿಕ್ಕಿದರು, ಅವರ ಮೂಲಕ ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಗಳ ಸುದ್ದಿಯೂ ಮನೆಗೆ ಬರತೊಡಗಿತು.

ದೇವಸ್ಥಾನದ ನಂತರ ಒಂದೇ ಜಾಗ ಎಂಬ ನಿಯಮ ಮಾಡಿಕೊಂಡಿದ್ದೆ, ಅಲ್ಲಿ ಬೆಂಚೂ ಶೌಚಾಲಯವೂ ಹತ್ತಿರವಿರಬೇಕು. ಈ ಎರಡಕ್ಕೂ ಹೊಂದಿದ್ದು ಫಿಲಿಪ್ಸ್ ಪಾರ್ಕ್. ಅಲ್ಲಿಯ ಪುಟ್ಟ ಮೃಗಾಲಯಕ್ಕೆ ಆಗ ಪ್ರವೇಶ ಶುಲ್ಕವಿರಲಿಲ್ಲ, ಆದರೆ ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ಪ್ರಾಣಿಗಳಲ್ಲ, ಮ್ಯಾಸ್ಟಡಾನ್ ಎಂಬ ಆನೆಯಂಥ ಪುರಾತನ ಜೀವಿಯ ಎಲುಬುಗಳು. 1934ರಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ನಿರುದ್ಯೋಗಿಗಳಿಗೆ ಕೂಲಿ ಕೊಡಲೆಂದು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿದ್ದಾಗ ಅವು ಸಿಕ್ಕಿದವು, ಕೆರೆಗೆ ಆ ಪ್ರಾಣಿಯ ಹೆಸರೇ ನಿಂತಿತು. ಬರಗಾಲದಲ್ಲಿ ನಮ್ಮ ಕಡೆಯೂ ಹೀಗೆಯೇ ಕೆರೆ ತೋಡಿಸಿ ಕಾಳು ಕೊಡುತ್ತಿದ್ದರೆಂದು ಅಪ್ಪ ಹೇಳಿ, ಆ ದಿನ ಅಲ್ಲಿಂದ ಏಳಲು ಒಪ್ಪಲೇ ಇಲ್ಲ.

ಊರಿನ ಹಳೆಯ ಪೇಟೆಯ ಒಂದು ಭಾಗ ಫಾಕ್ಸ್ ನದಿಯ ನಡುವಿನ ಸ್ಟೋಲ್ಪ್ ದ್ವೀಪದ ಮೇಲಿದೆ. ನದಿಯ ಪಕ್ಕದಲ್ಲೇ 1931ರಲ್ಲಿ ತೆರೆದ ಪ್ಯಾರಮೌಂಟ್ ರಂಗಮಂದಿರವಿದೆ, ಒಳಗೆ ಕೂತು ನೋಡುವುದಾದರೆ ಟಿಕೆಟ್ಟು ದುಬಾರಿ. ನಾವು ಹೊರಗಿನ ದೀಪಗಳನ್ನು ನೋಡಿ ತೃಪ್ತಿಪಟ್ಟೆವು. 1881ರಲ್ಲೇ ಬೀದಿಗಳಿಗೆ ವಿದ್ಯುದ್ದೀಪ ಹಾಕಿಸಿದ ಕಾರಣಕ್ಕೆ ಈ ಊರನ್ನು ದೀಪಗಳ ನಗರ ಎನ್ನುತ್ತಾರೆ. ಅರೋರಾ ಎಂದರೆ ರೋಮನ್ನರ ಉದಯದೇವತೆ, ನಮ್ಮ ಉಷಸ್ಸಿಗೂ ಆ ಹೆಸರಿಗೂ ಮೂಲ ಒಂದೇ ಎಂದು ತಿಳಿದ ಮೇಲೆ ನಿವೃತ್ತ ಮೇಷ್ಟ್ರಾದ ಅಪ್ಪ ಫೋನಿನಲ್ಲಿ ಊರಿನವರಿಗೆಲ್ಲ ಅದನ್ನೇ ಪಾಠ ಮಾಡಿದರು.

ನಾನು ಊಹಿಸಿರದ ತೊಡಕು ಪಂಚಾಂಗದ್ದು. ಅಮ್ಮ ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗವನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದರು, ಅದರಂತೆ ಏಕಾದಶಿ ಮಂಗಳವಾರ ಎಂದಾದರೆ ದೇವಸ್ಥಾನದಲ್ಲಿ ಸೋಮವಾರ ಎನ್ನುತ್ತಿದ್ದರು. ಇಲ್ಲಿಯವರು ತಪ್ಪು ಮಾಡುತ್ತಿದ್ದಾರೆಂದೇ ಅವರ ವಾದ. ಕೊನೆಗೆ ಕಾಗದದ ಮೇಲೆ ಬರೆದು ತೋರಿಸಿದೆ: ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ, ಬೇರೆಯಾಗುವುದು ಸೂರ್ಯೋದಯ, ಸೂರ್ಯ ಹುಟ್ಟುವಾಗ ಇರುವ ತಿಥಿಯೇ ಆ ದಿನದ್ದು. ಬೇಸಿಗೆಯಲ್ಲಿ ನಮ್ಮ ಗಡಿಯಾರ ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಏಕಾದಶಿ ಅಲ್ಲಿ ಸೋಮವಾರ ಬೆಳಿಗ್ಗೆ 9ಕ್ಕೆ ಶುರುವಾಗಿ ಮಂಗಳವಾರ ಬೆಳಿಗ್ಗೆ 8ಕ್ಕೆ ಮುಗಿದರೆ, ಇಲ್ಲಿ ಭಾನುವಾರ ರಾತ್ರಿ 10.30ಕ್ಕೆ ಶುರುವಾಗಿ ಸೋಮವಾರ ರಾತ್ರಿ 9.30ಕ್ಕೇ ಮುಗಿದಿರುತ್ತದೆ, ಮಂಗಳವಾರ ಸೂರ್ಯ ಹುಟ್ಟುವಾಗ ಇಲ್ಲಿ ದ್ವಾದಶಿ. ಅಮ್ಮ ಬೆರಳು ಮಡಚಿ ಎರಡು ಸಲ ಎಣಿಸಿ, ಮಾತಾಡದೆ ಪೆನ್ಸಿಲ್ ತೆಗೆದುಕೊಂಡರು.

ಎರಡನೆಯ ಸಲ ಅವರು ಬಂದದ್ದು ಚಳಿಗಾಲಕ್ಕೆ. ಆಗ ಕಲಿತದ್ದು ಒಂದೇ: ದೇವಸ್ಥಾನದಲ್ಲಿ ಪಾದರಕ್ಷೆ ಬಿಡುವ, ಹಿಮ ಕರಗಿ ಒದ್ದೆಯಾದ ಜಾಗದಲ್ಲಿ ಕಾಲುಚೀಲ ನೆನೆದೇ ನೆನೆಯುತ್ತದೆ, ಆದ್ದರಿಂದ ಒಣ ಕಾಲುಚೀಲದ ಎರಡು ಜೊತೆ ಕೈಚೀಲದಲ್ಲಿ ಇರಲೇಬೇಕು. ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ಪೊಟ್ಟಣಕ್ಕಿಂತ ಆ ಕಾಲುಚೀಲಗಳಿಗೇ ಹೆಚ್ಚು ಬೇಡಿಕೆ ಬಂತು.

ಊರಿಗೆ ಹೊರಡುವ ಹಿಂದಿನ ಶನಿವಾರ ಅಮ್ಮ ಆ ತೆಲುಗು ಅಜ್ಜಿಗೆ ಪಂಚಾಂಗವನ್ನು ಕೊಟ್ಟು ಬಂದರು. ಆಕೆಗೆ ಕನ್ನಡ ಅಕ್ಷರ ಹೇಗೋ ಓದಲು ಬರುತ್ತಿತ್ತು. ಬರದಿದ್ದರೂ ನಡೆಯುತ್ತಿತ್ತು, ಏಕೆಂದರೆ ಯುಗಾದಿಯವರೆಗಿನ ಪ್ರತಿ ಏಕಾದಶಿಯ ಪಕ್ಕದಲ್ಲೂ ಅರೋರಾದ ವಾರವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದರು.