ಅವ್ವನ ಕಾಲು ನೋಡಿದೆ, ಮನೆ ನೋಡಲಿಲ್ಲ

ನಾನು ಫಿಸಿಯೋಥೆರಪಿಸ್ಟ್. ಕಲಬುರಗಿಯಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರಿಗೆ ವ್ಯಾಯಾಮ ಮಾಡಿಸುತ್ತೇನೆ. ಆದರೆ ನನ್ನ ಅವ್ವನ ವಿಷಯದಲ್ಲಿ ಆರು ತಿಂಗಳು ಬರೀ ಕಾಲನ್ನೇ ನೋಡುತ್ತಾ ಕೂತೆ.

ಅಪ್ಪ ತೀರಿಕೊಂಡ ಮೇಲೆ ಆಕೆಯನ್ನು ಜೇವರ್ಗಿ ಕಡೆಯ ನಮ್ಮ ಹಳ್ಳಿಯಿಂದ ಕರೆತಂದೆ. ಆಗ ಆಕೆಗೆ 74. ಊರಲ್ಲಿ ನಸುಕಿಗೆ ಎದ್ದು ಅಂಗಳ ಗುಡಿಸಿ, ಎಮ್ಮೆಗೆ ಕಣಿಕೆ ಹಾಕಿ, ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನ ಕಟ್ಟೆ ಮೇಲೆ ನಾಲ್ಕು ಮಂದಿ ಜೊತೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಇಲ್ಲಿ ನಮ್ಮದು ಎರಡನೇ ಮಹಡಿ. ಲಿಫ್ಟ್ ಇಲ್ಲ. 36 ಮೆಟ್ಟಿಲು.

ಆರೇ ತಿಂಗಳಲ್ಲಿ ಅವ್ವ ಮಂಚ ಹಿಡಿದಳು. ದೊಡ್ಡ ಕಾಯಿಲೆ ಯಾವುದೂ ಇರಲಿಲ್ಲ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಒಂದು ಪರೀಕ್ಷೆ ಇದೆ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅವ್ವನಿಗೆ 22 ಸೆಕೆಂಡ್ ಹಿಡಿಯಿತು. ವ್ಯಾಯಾಮ ಹೇಳಿಕೊಟ್ಟೆ. ಎರಡು ದಿನ ಮಾಡಿ ಬಿಟ್ಟಳು. ಯಾಕವ್ವ ಅಂದರೆ, "ಎದ್ದು ಎಲ್ಲಿಗಿ ಹೋಗ್ಲಿ, ತಮ್ಮಾ?" ಅಂದಳು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಭಾನುವಾರ ಆಕೆ ದಿನಕ್ಕೆ ಎಷ್ಟು ಸಲ ಏಳುತ್ತಾಳೆ ಅಂತ ಬರೆದಿಟ್ಟೆ. ಒಂಬತ್ತು ಸಲ. ಅದರಲ್ಲಿ ಏಳು ಸಲ ಬಚ್ಚಲಿಗೆ. ನೀರಿನ ತಂಬಿಗೆ ಮಂಚದ ಪಕ್ಕದಲ್ಲೇ ಇತ್ತು, ಊಟದ ತಟ್ಟೆ ಕೈಗೇ ಹೋಗುತ್ತಿತ್ತು. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದೆವು. ಏಳುವ ಕಾರಣಗಳನ್ನು ಒಂದೊಂದಾಗಿ ನಾವೇ ಕಿತ್ತುಕೊಂಡಿದ್ದೆವು. ಇನ್ನೊಂದು ವಿಷಯ ಅವತ್ತೇ ಗೊತ್ತಾಯಿತು. ಸಂಜೆ ಐದರ ಮೇಲೆ ಆಕೆ ನೀರೇ ಕುಡಿಯುತ್ತಿರಲಿಲ್ಲ. ರಾತ್ರಿ ಕತ್ತಲಲ್ಲಿ ಬಚ್ಚಲಿಗೆ ಹೋಗಲು ಭಯ. ವಯಸ್ಸಾದ ಮೇಲೆ ಬಾಯಾರಿಕೆ ಹೇಗೂ ಸರಿಯಾಗಿ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಹೀಗೆ ನೀರು ಬಿಟ್ಟರೆ ಗತಿ ಏನು?

ಮೊದಲು ಮನೆ ಬದಲಿಸಿದೆವು. ಬಾಡಿಗೆ ಜಾಸ್ತಿ, ಕೋಣೆ ಸಣ್ಣವು. ಆದರೆ ನೆಲಮಟ್ಟದ ಮನೆ, ಮುಂದೆ ಒಂದು ಬೇವಿನ ಮರ. ಆ ಮರ ನೋಡಿಯೇ ನಾನು ಮುಂಗಡ ಕೊಟ್ಟೆ.

ಮನೆ ಮಾಲೀಕರನ್ನು ಕೇಳಿ ಮರದ ಕೆಳಗೆ ಶಹಾಬಾದ್ ಕಲ್ಲಿನ ಕಟ್ಟೆ ಹಾಕಿಸಿದೆ. ಎತ್ತರ 18 ಇಂಚು. ಇದಕ್ಕಿಂತ ತಗ್ಗಿದ್ದರೆ ಮೊಣಕಾಲು ನೋವಿದ್ದವರಿಗೆ ಏಳುವುದೇ ಕಷ್ಟ. ಮಂಚದ ಕಾಲುಗಳಿಗೂ ಮರದ ತುಂಡು ಕೊಟ್ಟು ಅಷ್ಟೇ ಎತ್ತರ ಮಾಡಿದೆ. ಬಚ್ಚಲಲ್ಲಿದ್ದ ನುಣುಪು ಕಲ್ಲು ತೆಗೆಸಿ ಒರಟು ಕಲ್ಲು ಹಾಕಿಸಿದೆ. ನುಣುಪು ಮಾಡಿದ ಶಹಾಬಾದ್ ಕಲ್ಲು ಒಣಗಿದ್ದಾಗ ಚೆಂದ, ನೀರು ಬಿದ್ದರೆ ಜಾರುತ್ತದೆ. ಕಮೋಡ್ ಪಕ್ಕದ ಗೋಡೆಗೆ ಸ್ಟೀಲ್ ಹಿಡಿಕೆ ಬಂತು. ಟವೆಲ್ ಹಾಕುವ ಸರಳನ್ನು ಹಿಡಿಕೆ ಅಂತ ನಂಬಬೇಡಿ, ಮೈಭಾರಕ್ಕೆ ಕಿತ್ತು ಬರುತ್ತದೆ.

ಎಲ್ಲಕ್ಕಿಂತ ಕಡಿಮೆ ಖರ್ಚಾದದ್ದು, ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆದದ್ದು ಬೆಳಕು. ಮಂಚದಿಂದ ಬಚ್ಚಲಿನವರೆಗೆ ಗೋಡೆಯ ಕೆಳಭಾಗದಲ್ಲಿ ಮೂರು ಸಣ್ಣ ಎಲ್‌ಇಡಿ ದೀಪ. ರಾತ್ರಿಯಿಡೀ ಉರಿಯುತ್ತವೆ. ವಾರದೊಳಗೆ ಅವ್ವ ರಾತ್ರಿ ಊಟದ ಜೊತೆ ನೀರು ಕುಡಿಯಲು ಶುರು ಮಾಡಿದಳು. ಬೀಳುವ ಭಯ ಇರುವವರು ನಡೆಯುವುದನ್ನೇ ಬಿಡುತ್ತಾರೆ. ನಡೆಯದಿದ್ದರೆ ಕಾಲಿನ ಶಕ್ತಿ ಕುಂದುತ್ತದೆ, ಬೀಳುವ ಅಪಾಯ ಇನ್ನೂ ಹೆಚ್ಚುತ್ತದೆ. ನನ್ನ ರೋಗಿಗಳಿಗೆ ಇದನ್ನು ಹೇಳಿ ಹೇಳಿ ಸಾಕಾಗಿತ್ತು. ನನ್ನ ಮನೆಯಲ್ಲಿ ಅದಕ್ಕೆ ಬೇಕಾಗಿದ್ದದ್ದು ದೀಪ.

ತಂಬಿಗೆ ಮಂಚದ ಪಕ್ಕದಿಂದ ಹೋಯಿತು. ನೀರಿನ ಮಡಕೆ ಅಡುಗೆಮನೆಯಲ್ಲಿ ಒಂದು, ಕಟ್ಟೆ ಹತ್ತಿರ ಒಂದು. ನನ್ನ ಹೆಂಡತಿಗೆ ಇದು ಒರಟುತನ ಅನ್ನಿಸಿತು, ಬೇಜಾರು ಮಾಡಿಕೊಂಡಳು. ಅದು ಸಹಜ ಅಲ್ವಾ? ಅವ್ವನೇ ಸಮಾಧಾನ ಮಾಡಿದಳು.

ಮೊದಲ ಬೇಸಿಗೆಯಲ್ಲಿ ನಾನು ತಪ್ಪು ಮಾಡಿದ್ದೂ ಉಂಟು. ಕಾಂಕ್ರೀಟ್ ಚಾವಣಿ ಹಗಲೆಲ್ಲ ಕಾದು, ರಾತ್ರಿಯೆಲ್ಲ ಶಾಖ ಬಿಡುತ್ತಿತ್ತು. ನಿದ್ದೆ ಇಲ್ಲದ ಅವ್ವ ಮತ್ತೆ ಮಂಚಕ್ಕೇ ಅಂಟಿದಳು. ಏಪ್ರಿಲ್ ಕೊನೆಗೆ ಚಾವಣಿಗೆ ದಪ್ಪಗೆ ಸುಣ್ಣ ಬಳಿಸಿದೆ. ಫೆಬ್ರವರಿಯಲ್ಲೇ ಮಾಡಬೇಕಿತ್ತು. ಈಗ ಬೇಸಿಗೆಯಲ್ಲಿ ಆಕೆಯ ಓಡಾಟವೆಲ್ಲ ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಆರರ ಮೇಲೆ.

ವ್ಯಾಯಾಮವನ್ನು ಪೂರ್ತಿ ಬಿಟ್ಟಿಲ್ಲ. ಕಟ್ಟೆಯಿಂದ ಹತ್ತು ಸಲ ಎದ್ದು ಕೂರುತ್ತಾಳೆ, ಓಣಿಯ ಇನ್ನಿಬ್ಬರು ಅಜ್ಜಿಯರೂ ಜೊತೆಗೆ ಏಳುತ್ತಾರೆ. ಆಮೇಲೆ ಮೊರ ಹಿಡಿದು ತೊಗರಿ ಹಸನು ಮಾಡುತ್ತಾ ಮಾತು. ಒಂದು ವರ್ಷದ ಮೇಲೆ ಅದೇ ಪರೀಕ್ಷೆ ಮಾಡಿದೆ. 15 ಸೆಕೆಂಡ್. ಇನ್ನೂ 12ರ ಒಳಗೆ ಬಂದಿಲ್ಲ.

ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗುವುದು ಆಕೆಯ ಆಸೆ. ದೂರ ಜಾಸ್ತಿ ಇಲ್ಲ. ಆದರೆ ದಾರಿಯಲ್ಲಿ ಕೂರಲು ಎಲ್ಲೂ ಜಾಗ ಇರಲಿಲ್ಲ, ಫುಟ್‌ಪಾತ್ ಮೇಲೆಲ್ಲ ಬೈಕು. ಅರ್ಧ ದಾರಿಯ ಕಿರಾಣಿ ಅಂಗಡಿಯವರನ್ನು ಕೇಳಿಕೊಂಡೆ. ಅವರು ಸೋಮವಾರ ಬೆಳಿಗ್ಗೆ ಹೊರಗೆ ಒಂದು ಸ್ಟೂಲ್ ಇಡುತ್ತಾರೆ. ಈಗ ಅವ್ವ ಅಲ್ಲಿಯವರೆಗೆ ನಡೆದು, ಐದು ನಿಮಿಷ ಕೂತು, ಮುಂದಕ್ಕೆ ಆಟೋ ಹತ್ತುತ್ತಾಳೆ. ಅಲ್ಲಿಂದ ಗುಡಿಯವರೆಗೆ ಇನ್ನೆರಡು ಸ್ಟೂಲ್ ಬೇಕು. ಈ ವಾರ ಒಬ್ಬ ಟೇಲರ್ ಹತ್ತಿರ ಮಾತಾಡಿದ್ದೇನೆ.