ಹಿಂದಿನವರ ಕೊನೆಯ ಕಂತು ಮುಂದಿನವರು ಒಪ್ಪಿದ ಮೇಲೆ: ಏಳು ಕೈಗೆ ಹಂಚಿ ಮನೆ ಮುಗಿಸಿದ ಲೆಕ್ಕ

ಫುಲ್ ಕಾಂಟ್ರಾಕ್ಟ್ ಕೊಡದೆ, ಒಂದೊಂದು ಕೆಲಸವನ್ನು ಒಬ್ಬೊಬ್ಬರಿಗೆ ವಹಿಸಿ, ಸಾಮಾನು ನಾವೇ ತಂದುಕೊಟ್ಟರೆ ಮನೆ ಅರ್ಧಕ್ಕೆ ನಿಲ್ಲುತ್ತದೆ ಎಂದು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯಲ್ಲಿ ಹೇಳದವರಿಲ್ಲ. ನಿಲ್ಲಲಿಲ್ಲ. 1,150 ಚದರ ಅಡಿಯ ಒಂದಂತಸ್ತು, ಕೆಂಪುಕಲ್ಲಿನ ಗೋಡೆ, ಮೇಲೆ ಸ್ಲ್ಯಾಬು, ಅದರ ಮೇಲೆ ಹಂಚಿನ ಮಾಡು. ಫುಲ್ ಕಾಂಟ್ರಾಕ್ಟಿಗೆ ಕೇಳಿದ ದರ ಚದರ ಅಡಿಗೆ 2,100. ಅದೇ 24 ಲಕ್ಷ ದಾಟುತ್ತಿತ್ತು, ಮಾಡಿನ ಲೆಕ್ಕ ಬೇರೆ. ಮಾಡೂ ಸೇರಿ ಬಿದ್ದದ್ದು ಇಪ್ಪತ್ತೂವರೆ ಲಕ್ಷದ ಆಸುಪಾಸು.

ಉಳಿದದ್ದು ಕೂಲಿಯಲ್ಲಿ ಅಲ್ಲ, ಕೂಲಿ ಯಾರಿಗೂ ಕಡಿಮೆ ಕೊಟ್ಟಿಲ್ಲ. ಒಡೆದು ಪುನಃ ಮಾಡುವ ಕೆಲಸ ತಪ್ಪಿತು, ಉಳಿತಾಯ ಅಲ್ಲಿ. ಅದಕ್ಕೆ ಎರಡು ನಿಯಮ ಸಾಕಾಯಿತು. ಒಂದು, ಮಣ್ಣಿನಡಿ, ಕಾಂಕ್ರೀಟಿನೊಳಗೆ, ಟೈಲ್ಸಿನಡಿ ಹೋಗುವ ಯಾವುದನ್ನೂ ಮುಚ್ಚುವ ಮೊದಲು, ಕಟ್ಟುವ ಕೆಲಸದಲ್ಲಿ ಇಲ್ಲದ ಒಬ್ಬ ಎಂಜಿನಿಯರು ಬಂದು ನೋಡಬೇಕು. ಎರಡು, ಪ್ರತಿಯೊಬ್ಬರ ಹಣದಲ್ಲಿ ನೂರಕ್ಕೆ 15 ಉಳಿಸಿಕೊಂಡು, ಅವರ ಮೇಲೆ ಕೆಲಸ ಮಾಡುವ ಮುಂದಿನವರು ‘ಸರಿ ಇದೆ’ ಎಂದ ದಿನ ಕೊಡಬೇಕು. ಕಲ್ಲಿನ ಮೇಸ್ತ್ರಿಯ ಮೂಲೆಮಟ್ಟವನ್ನು ಸೆಂಟ್ರಿಂಗಿನವರು ಒಪ್ಪಬೇಕು, ಸಾರಣೆಯವರ ಗೋಡೆಯನ್ನು ಟೈಲ್ಸಿನವರು, ಪೈಪಿನ ಇಳಿಜಾರನ್ನೂ ಟೈಲ್ಸಿನವರೇ. ಇದನ್ನು ಮುಂಗಡ ಕೊಡುವ ದಿನವೇ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೆವು. ನಡುವಿನಲ್ಲಿ ಹೇಳಿದರೆ ಜಗಳ ಗ್ಯಾರಂಟಿ.

ನೋಡಲು ಬರುವ ಎಂಜಿನಿಯರು ಪ್ಲಾನ್ ಮಾಡಿದವರೇ ಆಗಬಾರದು. ಪ್ಲಾನಿಗೆ ಸಹಿ ಹಾಕುವ ಲೈಸನ್ಸಿನವರು ಹೇಗೂ ಬೇಕು. 300 ಚದರ ಮೀಟರಿನೊಳಗಿನ ಸಾಮಾನ್ಯ ಮನೆಗೆ ಸ್ವಯಂ ದೃಢೀಕರಣದ ಪರ್ಮಿಟ್ ಬೇಗ ಸಿಗುತ್ತದೆ, ಆದರೆ ತಪ್ಪಿದರೆ ಹೊಣೆ ಮಾಲಕರದ್ದು ಮತ್ತು ಸಹಿ ಮಾಡಿದವರದ್ದು. ಪ್ಲಾನು, ಪರ್ಮಿಟು, ಕೊನೆಯ ಕಂಪ್ಲೀಶನ್ ಎಲ್ಲ ಸೇರಿ 18 ಸಾವಿರ ಆಯಿತು. ನೋಡುವವರಿಗೆ ಒಂದು ಭೇಟಿಗೆ 1,500, ಒಟ್ಟು ಒಂಬತ್ತು ಭೇಟಿ. ಹದಿಮೂರೂವರೆ ಸಾವಿರ. ಇಡೀ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಕಾಗದದ ವಿಷಯದಲ್ಲಿ ಒಂದೇ ಮಾತು. ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಹಿಂದಿನ ಕನ್ನಡ ಆಧಾರಗಳಲ್ಲಿ (ಜಮೀನಿನ ಪತ್ರಗಳಲ್ಲಿ) ಬೈಲು, ಮಜಲು, ಬೆಟ್ಟು ಎಂದು ಕಂಡರೆ ಅದು ಗದ್ದೆಯ ಲೆಕ್ಕ. ಈಗ ಅಡಿಕೆ ತೋಟವಾಗಿದ್ದರೂ ವಿಲೇಜ್ ಆಫೀಸಿನ ದಾಖಲೆಯಲ್ಲಿ ಗದ್ದೆ ಎಂದೇ ಇರಬಹುದು, ಕೇರಳದ 2008ರ ಗದ್ದೆ ಸಂರಕ್ಷಣಾ ಕಾಯಿದೆಯ ಡೇಟಾ ಬ್ಯಾಂಕಿನಲ್ಲೂ (ಗದ್ದೆಗಳ ಪಟ್ಟಿಯಲ್ಲೂ) ಸೇರಿರಬಹುದು. ಆಧಾರ ಬರಹಗಾರರನ್ನೂ ಸರ್ವೇಯರನ್ನೂ ಎಂಜಿನಿಯರಿಗಿಂತ ಮೊದಲು ಕಾಣಿ.

ಮೊದಲ ಪೆಟ್ಟು ಬಿದ್ದದ್ದು ಜೆಸಿಬಿಯಲ್ಲಿ. ನಮ್ಮ ಗುಡ್ಡೆಗಳಲ್ಲಿ ಮೇಲೆ ಗಟ್ಟಿ ಮುರ (ಕೆಂಪುಕಲ್ಲಿನ ಪದರ), ಅದರಡಿ ಶೇಡಿ (ಮೆತ್ತನೆಯ ಜೇಡಿಮಣ್ಣು). ಮುರ ದಪ್ಪ ಇದ್ದಲ್ಲಿ ಪಂಚಾಂಗ (ಅಡಿಪಾಯ) ಅದರ ಮೇಲೆಯೇ ಕೂರಬೇಕು. ಆಪರೇಟರು ಆಳ ಹೆಚ್ಚಾದಷ್ಟು ಗಟ್ಟಿ ಎಂದುಕೊಂಡು ಎಲ್ಲ ಕಡೆ ಮೂರೂವರೆ ಅಡಿ ತೆಗೆದರು. ಈಶಾನ್ಯ ಮೂಲೆಯಲ್ಲಿ ಮುರ ಇದ್ದದ್ದೇ ಎರಡಡಿ. ಅದು ಒಡೆದು ಬಿಳಿ, ನಸುಗೆಂಪು ಶೇಡಿ ಎದ್ದಿತು. ಶೇಡಿ ಒಣಗಿದಾಗ ಕಲ್ಲಿನಂತೆ ನಿಲ್ಲುತ್ತದೆ, ನೀರು ಕುಡಿದರೆ ಕೈಯಲ್ಲಿ ಹಿಂಡಬಹುದು. ಜಲ್ಲಿ ತುಂಬಿಸಿದರೆ ಸಾಕು ಎಂದು ಮೇಸ್ತ್ರಿಯ ಸಲಹೆ. ನೋಡುವ ಎಂಜಿನಿಯರು ಒಪ್ಪಲಿಲ್ಲ. ಆ ಮೂಲೆಯ 22 ಅಡಿ ಉದ್ದಕ್ಕೆ ಅಗಲ ಮೂರಡಿ ಮಾಡಿಸಿ, ಕಂಬಿ ಕಟ್ಟಿದ ಕಾಂಕ್ರೀಟ್ ಪಟ್ಟಿ ಹಾಕಿಸಿದರು. ಹೊರಗೆ ಮಳೆನೀರು ನಿಲ್ಲದಂತೆ ಕಣಿಯೂ ಬಂತು. ಹೆಚ್ಚುವರಿ 38 ಸಾವಿರ. ಈಗ ಕೇಳುವವರಿಗೆಲ್ಲ ಹೇಳುತ್ತೇನೆ: ಜೆಸಿಬಿ ಬರುವ ಮೊದಲು ನಾಲ್ಕು ಮೂಲೆಯಲ್ಲಿ ಹಾರೆಯಿಂದ ಒಂದಡಿ ಚೌಕದ ಗುಂಡಿ ತೆಗೆಸಿ, ಮುರದ ದಪ್ಪ ನೋಡಿ, ಆಳವನ್ನು ಗೂಟದಲ್ಲಿ ಗುರುತು ಹಾಕಿ ಕೊಡಿ. ಎರಡು ಆಳಿನ ಅರ್ಧ ದಿನದ ಕೆಲಸ.

ಕಲ್ಲು 3,800 ಚಿಲ್ಲರೆ ಹೋಯಿತು. ಒಂದಕ್ಕೆ 45ರ ಹತ್ತಿರ, ಕಟ್ಟುವ ಕೂಲಿ 20. ಎಣಿಕೆಯ ಮೇಲೆ ಕೂಲಿ ಕೊಡುವಾಗ ಬಾಗಿಲು ಕಿಟಕಿಯ ಜಾಗ ತಾನಾಗಿ ಕಳೆದುಹೋಗುತ್ತದೆ. ಚದರ ಅಡಿ ಲೆಕ್ಕದಲ್ಲಿ ಅದನ್ನು ಕಳೆಯಬೇಕೋ ಬೇಡವೋ ಎಂದು ಮೊದಲೇ ಬರೆಯದಿದ್ದರೆ ಕೊನೆಗೆ ಹದಿನೈದು ಸಾವಿರದ ವ್ಯತ್ಯಾಸ. ಒಂದು ಲೋಡಿನಲ್ಲಿ ಬಿಳಿ ಶೇಡಿಯ ಕಣ್ಣಿರುವ ಕಲ್ಲು ಹೆಚ್ಚಿದ್ದವು. ಮೂರು ಕಲ್ಲು ತೂಗಿ, ಒಂದು ರಾತ್ರಿ ನೀರಿನಲ್ಲಿಟ್ಟು ಪುನಃ ತೂಗಿದೆವು. ತೂಕ ಎಂಟರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿದ್ದನ್ನು ತೋರಿಸಿದ ಮೇಲೆ ಪಣೆಯವರು (ಕಲ್ಲಿನ ಕೋರೆಯವರು) ಆ ಲೋಡನ್ನು ಬದಲಿಸಿ ಕೊಟ್ಟರು. ಬಾಯಿಮಾತಿಗೆ ಒಪ್ಪದವರು ತಕ್ಕಡಿಗೆ ಒಪ್ಪುತ್ತಾರೆ.

ಕಂಬಿಯಲ್ಲೂ ಹಾಗೆ. ಬಿಲ್ಲಿನ ತೂಕ ನೋಡಿದರೆ ಸಾಲದು, ತುಂಡು ಎಣಿಸಬೇಕು. 12 ಮೀಟರಿನ 8 ಎಂಎಂ ಕಂಬಿ 4.7 ಕೆಜಿ, 12 ಎಂಎಂ ಕಂಬಿ 10.7 ಕೆಜಿ.

ಸ್ಲ್ಯಾಬಿನ ತಿಂಗಳು ಯಾವುದೆಂಬುದು ದೊಡ್ಡ ಪ್ರಶ್ನೆ. ಮೇ ಕೊನೆಯ ಪತ್ತನಾಜೆಗೆ, ಅಂದರೆ ಮಳೆಗಾಲಕ್ಕೆ, ಮೊದಲು ಮುಗಿದರೆ ಸಾಕು ಎಂದು ಎಪ್ರಿಲಿಗೆ ಇಡುವವರು ಹೆಚ್ಚು. ಆ ಹೊತ್ತಿಗೆ ಬಾವಿ ತಳ ಕಂಡಿರುತ್ತದೆ, ಟ್ಯಾಂಕರಿನ ನೀರಿನಲ್ಲಿ ಕ್ಯೂರಿಂಗ್ ಮಾಡಬೇಕು, ಹಣ ಉಳಿಸಲು ಮೂರೇ ದಿನಕ್ಕೆ ನಿಲ್ಲಿಸುತ್ತಾರೆ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಕಡಿಮೆ ಎಂದರೂ ಹತ್ತು ದಿನ ನೀರು ಬೇಕು. ಫೆಬ್ರವರಿಯಲ್ಲಿ ಹಾಕಿಸಿದೆ, ಹದಿನಾಲ್ಕು ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದೆ.

ಸ್ಲ್ಯಾಬು ಹಾಕುವ ಹಿಂದಿನ ದಿನ ಸಂಜೆ ನೋಡುವ ಎಂಜಿನಿಯರು ಬಂದು ಕೆಲಸ ನಿಲ್ಲಿಸಿದರು. ಕಾರಣ ಮೂರು. ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕಿನ ಬದಲು ಅದರಡಿ ಜಲ್ಲಿ ಚೂರು ಇಟ್ಟಿದ್ದರು; ನಡೆದಾಡುವಾಗ ಅದು ಜಾರಿ ಕಂಬಿ ತಟ್ಟಿಗೆ (ಅಡಿಯ ತಗಡಿಗೆ) ತಾಗುತ್ತದೆ, ನಾಲ್ಕೈದು ಮಳೆಗಾಲದಲ್ಲಿ ತುಕ್ಕು ಹಿಡಿದು ಸಿಮೆಂಟು ಉದುರುತ್ತದೆ. ಎಲೆಕ್ಟ್ರಿಷಿಯನ್ನರು ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ಬರುವಲ್ಲಿ ಒಂಬತ್ತು ಪೈಪನ್ನು ಒಟ್ಟಿಗೆ ಮಲಗಿಸಿದ್ದರು. ನಾಲ್ಕೂವರೆ ಇಂಚಿನ ಸ್ಲ್ಯಾಬಿನಲ್ಲಿ ಅಷ್ಟು ಪೈಪು ಒಂದೆಡೆ ಸೇರಿದರೆ ಕಾಂಕ್ರೀಟಿಗೆ ಜಾಗವೆಲ್ಲಿ? ಅವನ್ನು ಎರಡಿಂಚು ಅಂತರದಲ್ಲಿ ಹರಡಿಸಬೇಕಾಯಿತು. ಮೂರನೆಯದು ನನ್ನದೇ ತಪ್ಪು: ಪ್ಲಂಬರರನ್ನು ಕರೆದಿರಲಿಲ್ಲ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ತೋಳು (ಅದು ಹಾದುಹೋಗುವ ಕೊಳವೆ) ಇಡದಿದ್ದರೆ ಆಮೇಲೆ ಸ್ಲ್ಯಾಬು ಕೊರೆಯಬೇಕು, ಸೋರಿಕೆ ಶುರುವಾಗುವುದು ಅಲ್ಲಿಂದಲೇ. ಒಂದು ದಿನ ಮುಂದೆ ಹೋಯಿತು. ಕಾಂಕ್ರೀಟಿನ ಸೆಟ್ಟಿನವರಿಗೆ (ಕಾಂಕ್ರೀಟ್ ಹಾಕುವ ತಂಡಕ್ಕೆ) ಕಾಯುವ ಹಣ ಎಂದು ನಾಲ್ಕು ಸಾವಿರ ಕೊಟ್ಟೆ.

ಸನ್‌ಶೇಡು ಸೇರಿ ಸುಮಾರು 13 ಘನ ಮೀಟರ್ ಕಾಂಕ್ರೀಟ್, 107 ಚೀಲ ಸಿಮೆಂಟು, ಒಂದು ಟನ್ನಿಗೆ ಸ್ವಲ್ಪ ಮೇಲೆ ಕಂಬಿ. ಮಿಕ್ಸರಿಗೆ ಹೋಸಿನಿಂದ ನೀರು ಬಿಡಲು ಕೊಡಲಿಲ್ಲ. ಚೀಲಕ್ಕೆ 27 ಲೀಟರ್, ಬಕೆಟಿನಲ್ಲಿ ಅಳೆದು. ಎಂ ಸ್ಯಾಂಡ್ ಒದ್ದೆ ಇದ್ದರೆ ಇನ್ನೂ ಎರಡು ಮೂರು ಲೀಟರ್ ಕಡಿಮೆ. ಬೇಗ ಮುಗಿಸಿ ಹೋಗಬೇಕಾದ ಸೆಟ್ಟಿನವರನ್ನು ಇದಕ್ಕೆ ಒಪ್ಪಿಸಲು ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಸೈಟಿಗೆ ಬಂದವರಿಗೆ ತೋರಿಸಿಕೊಡುತ್ತೇನೆ. ಮುಟ್ಟು (ಸ್ಲ್ಯಾಬಿಗೆ ಆನಿಸಿದ ಕಂಬ) ಬಿಚ್ಚಲು ಸೆಂಟ್ರಿಂಗಿನವರು ಏಳನೇ ದಿನವೇ ಬಂದರು, ಅವರಿಗೆ ತಗಡು ಬೇರೆ ಸೈಟಿಗೆ ಬೇಕಿತ್ತು. ಸಣ್ಣ ಕೋಣೆಗಳಿಗೆ ಏಳು ದಿನ ಸಾಕೆಂಬುದೂ ಸರಿ. ಆದರೆ ಹಾಲಿನ ಬೀಮಿಗೆ ಸಾಲದು. ಸ್ಲ್ಯಾಬಿಗೆ 14, ಬೀಮಿಗೆ 21 ದಿನ ಇಡಿಸಿದೆ, ಹೆಚ್ಚುವರಿ ದಿನಗಳ ಬಾಡಿಗೆ ಕೊಟ್ಟೇ.

ಪೋರ್ಟಿಕೋ ಮೇಲೆ ಒಂದು ಪ್ರಯೋಗವನ್ನೂ ಮಾಡಿಸಿದೆ. ಹಳೆಯ ಹಟ್ಟಿಯ ಮಂಗಳೂರು ಹಂಚು 200ರಷ್ಟು ಇತ್ತು. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ, ಕಾಂಕ್ರೀಟಿನ ಒಂದು ಪಾಲಿನ ಜಾಗಕ್ಕೆ ಹಂಚು ತುಂಬುವ ಫಿಲ್ಲರ್ ಸ್ಲ್ಯಾಬಿನ ಹಾಗೆ, 12×14 ಅಡಿಯಲ್ಲಿ ಕಂಬಿಗಳ ನಡುವೆ ಎರಡೆರಡು ಹಂಚು ಜೋಡಿಸಿದೆವು. ಹಂಚನ್ನು ಮೊದಲೇ ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಕಾಂಕ್ರೀಟಿನ ನೀರನ್ನೆಲ್ಲ ಅದೇ ಹೀರುತ್ತದೆ. ಐದರಲ್ಲಿ ಒಂದು ಪಾಲು ಕಾಂಕ್ರೀಟ್ ಉಳಿಯಿತು, ಕಂಬಿಯವರ ಒಂದೂವರೆ ದಿನದ ಸಂಬಳದಲ್ಲಿ ಆ ಉಳಿತಾಯ ಹೋಯಿತು. ಕೆಳಗೆ ತಂಪು ಇದೆ, ನೋಡಲು ಚಂದ ಇದೆ. ಒಳಕೋಣೆಗೆ ಮಾಡುವವರು ಫ್ಯಾನಿನ ಜಾಗ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕೊರೆಯಲು ಹೋದರೆ ಹಂಚು ಒಡೆಯುತ್ತದೆ.

ಆಚಾರಿಗಳ ಕೆಲಸ ಎಲ್ಲರಿಗಿಂತ ಮೊದಲು ಶುರುವಾಗಬೇಕು. ಹಿತ್ತಿಲಿನ ಹಲಸಿನ ಮರ ಕಡಿದು ಮಿಲ್ಲಿನಲ್ಲಿ ಸೀಳಿಸಿ, ನೆರಳಿನಲ್ಲಿ ಪಟ್ಟಿ ಇಟ್ಟು ಆರು ತಿಂಗಳು ಒಣಗಿಸಿದ್ದೆ. ಅವಸರದಲ್ಲಿ ತಂದ ಒಂದೇ ಒಂದು ದಾರಂದ (ಬಾಗಿಲ ಚೌಕಟ್ಟು) ಮೊದಲ ಬೇಸಗೆಯಲ್ಲಿ ತಿರುಚಿತು. ಗೋಡೆಗೆ ತಾಗುವ ಬೆನ್ನಿಗೆ ಪ್ರೈಮರು, ಒರಲೆಯ ಮದ್ದು ಎರಡೂ ನಿಲ್ಲಿಸುವ ಮೊದಲೇ ಆಗಬೇಕು.

ಪ್ಲಂಬರರ ಹಣವನ್ನು ಟೈಲ್ಸಿನವರು ತಡೆದರು. ಬಚ್ಚಲಿನ ಹೊರಪೈಪಿಗೆ ಅಡಿಗೆ ಕಾಲಿಂಚಿನ ಇಳಿಜಾರು ಬೇಕು, ಅಲ್ಲಿ ಮಟ್ಟವೇ ಇತ್ತು. ಟೈಲ್ಸ್ ಬಿದ್ದ ಮೇಲೆ ಗೊತ್ತಾಗಿದ್ದರೆ ಮೂವತ್ತು ಸಾವಿರದ ಕೆಲಸ, ಆಗ ಅರ್ಧ ದಿನದಲ್ಲಿ ಸರಿಯಾಯಿತು. ಪೈಪಿಗೆ ಒತ್ತಡ ಕೊಟ್ಟು ಒಂದು ದಿನ, ನೆಲದಲ್ಲಿ ನೀರು ನಿಲ್ಲಿಸಿ ಎರಡು ದಿನ ಬಿಟ್ಟು ನೋಡಿದ ಮೇಲೆಯೇ ಟೈಲ್ಸು. ಸೆಪ್ಟಿಕಿನ ಇಂಗುಗುಂಡಿ ಬಾವಿಯಿಂದ 7.5 ಮೀಟರ್ ಎಂದು ನಿಯಮ. ಮುರದ ತೂತುಗಳಲ್ಲಿ ನೀರು ಬೇಗ ಓಡುತ್ತದೆ, 12 ಮೀಟರ್ ದೂರ ಇಡಿಸಿದೆ. ನೆರೆಯವರ ಬಾವಿ, ನೀರಿನ ಸುರಂಗವನ್ನೂ ಅಳೆದು ನೋಡಬೇಕು. ಅರ್ತಿಂಗ್ ಗುಂಡಿಯನ್ನು ಒಣ ಮುರದಲ್ಲಿ ತೆಗೆದರೆ ಪ್ರಯೋಜನ ಕಡಿಮೆ, ಬಚ್ಚಲ ನೀರಿನ ತೆಂಗಿನ ಬುಡದ ಹತ್ತಿರ ಹಾಕಿಸಿದ್ದು ಸರಿಯಾಯಿತು.

ಪೈಂಟರರ ನಂತರ ಬರುವವರು ಯಾರೂ ಇಲ್ಲ. ಅವರ ಎಂಟು ಸಾವಿರವನ್ನು ಮೊದಲೇ ಹೇಳಿ ಜುಲೈ ಕಳೆಯುವ ತನಕ ಇಟ್ಟುಕೊಂಡೆ. ಪಡುಗೋಡೆಯಲ್ಲಿ ಎರಡು ಕಡೆ ಗುಳ್ಳೆ ಎದ್ದಿತು. ಗೋಡೆ ಒಣಗಿದ ಮೇಲೆ ಬಂದು ಕೆರೆದು ಪುನಃ ಹಚ್ಚಿ, ಹಣ ಎಣಿಸಿ ತೆಗೆದುಕೊಂಡು ಹೋದರು.