ಏಪ್ರಿಲ್ ನೂಕುನುಗ್ಗಲಲ್ಲಿ ಬಾಥೆಲ್‌ನಲ್ಲಿ ಮನೆ ತಗೊಂಡ ಕತೆ

ಅಮೆರಿಕದ ಸಿಯಾಟಲ್ ಸುತ್ತಮುತ್ತ ಮಾರ್ಚ್ ಬಂತೆಂದರೆ ಮನೆ ಕೊಳ್ಳುವವರ ನೂಕುನುಗ್ಗಲು ಶುರು. ಜೂನ್‌ನಲ್ಲಿ ಶಾಲೆ ಮುಗಿಯುತ್ತದೆ, ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯುತ್ತದೆ, ಅಷ್ಟರೊಳಗೆ ಮನೆ ಬದಲಿಸಬೇಕು ಅಂತ ಮಕ್ಕಳಿರುವವರೆಲ್ಲ ಒಟ್ಟಿಗೇ ಇಳಿಯುತ್ತಾರೆ. ನಾವು ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ ಮನೆ ತಗೊಂಡಿದ್ದು 2024ರಲ್ಲಿ, 30 ವರ್ಷದ ಸಾಲದ ಬಡ್ಡಿ 7% ಆಸುಪಾಸಿನಲ್ಲಿದ್ದಾಗ. ಬಡ್ಡಿ ಜಾಸ್ತಿ ಇದ್ದರೆ ಪೈಪೋಟಿ ಕಮ್ಮಿ ಅಂತ ಸ್ನೇಹಿತರು ಹೇಳುತ್ತಿದ್ದರು. ಸುಳ್ಳು. ಮೊದಲೇ 3% ಬಡ್ಡಿಗೆ ಸಾಲ ಸಿಕ್ಕಿ ಕೂತವರು ಮನೆ ಬಿಡಲೇ ಇಲ್ಲ, ಮಾರಾಟಕ್ಕೆ ಬಂದಿದ್ದೇ ಕಮ್ಮಿ.

ಇಲ್ಲಿ ಗುರುವಾರ ಲಿಸ್ಟಿಂಗ್ (ಮನೆ ಮಾರಾಟಕ್ಕೆ ಹಾಕುವುದು), ಶನಿವಾರ ಭಾನುವಾರ ಓಪನ್ ಹೌಸ್ (ಯಾರು ಬೇಕಾದರೂ ಬಂದು ನೋಡಬಹುದು), ಸೋಮವಾರವೋ ಮಂಗಳವಾರವೋ ಕೊಳ್ಳುವವರು ಬರೆದುಕೊಟ್ಟ ಆಫರ್ ತೆರೆಯುತ್ತಾರೆ. ಯೋಚನೆ ಮಾಡಲು ಸಮಯ ಇಲ್ಲ. ಹಾಗಾಗಿ ಯೋಚನೆಯನ್ನೆಲ್ಲ ನಾವು ಚಳಿಗಾಲದಲ್ಲೇ ಮುಗಿಸಿದ್ದೆವು.

ಮೊದಲು ದುಡ್ಡು. ಡೌನ್ ಪೇಮೆಂಟ್‌ಗೆ (ಸಾಲ ಬಿಟ್ಟು ನಾವೇ ಕೈಯಿಂದ ಕಟ್ಟುವ ದುಡ್ಡು) ಅಪ್ಪ ಅಮ್ಮ ಊರಿಂದ ಸ್ವಲ್ಪ ಕಳಿಸಿದರು. ಆರ್‌ಬಿಐ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು. ಆದರೆ ಆಗ 7 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20% ಟಿಸಿಎಸ್ (ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ) ಹಿಡಿಯುತ್ತಿದ್ದರು. ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತದೆ ನಿಜ, ಅಲ್ಲಿವರೆಗೂ ದುಡ್ಡು ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಅಪ್ಪ ಬೇರೆ, ಅಮ್ಮ ಬೇರೆ ಕಳಿಸಿದರು, ಮಾರ್ಚ್‌ನಲ್ಲಿ ಒಂದು ಕಂತು, ಏಪ್ರಿಲ್ 1 ಆದ ಮೇಲೆ ಇನ್ನೊಂದು. ಇದು ಸಾಲ ಅಲ್ಲ, ಉಡುಗೊರೆ ಅಂತ ಬ್ಯಾಂಕಿಗೆ ಪತ್ರವನ್ನೂ ಕೊಡಬೇಕು.

ನಮ್ಮನ್ನು ನಿಜವಾಗಿ ಕಾಪಾಡಿದ್ದು ಪ್ರೀ-ಇನ್ಸ್‌ಪೆಕ್ಷನ್, ಅಂದರೆ ಆಫರ್ ಕೊಡುವ ಮೊದಲೇ ಮನೆ ತಪಾಸಣೆ ಮಾಡಿಸುವುದು. ಊರಲ್ಲಿ ಸೈಟು ತಗೊಳ್ಳುವಾಗ ಇ.ಸಿ., ಖಾತಾ, ಮದರ್ ಡೀಡ್ ಎಲ್ಲ ವಕೀಲರಿಗೆ ತೋರಿಸಿಯೇ ಅಡ್ವಾನ್ಸ್ ಕೊಡುತ್ತೇವೆ ಅಲ್ವಾ? ಇಲ್ಲಿ ಕಾಗದಪತ್ರ ಟೈಟಲ್ ಕಂಪನಿ ನೋಡಿಕೊಳ್ಳುತ್ತದೆ, ನಾವು ನೋಡಬೇಕಾದ್ದು ಮನೆಯ ಹೊಟ್ಟೆಯೊಳಗೆ. ಪೈಪೋಟಿ ಇರುವಾಗ "ಇನ್ಸ್‌ಪೆಕ್ಷನ್ ಷರತ್ತು ಬೇಡ" (ತಪಾಸಣೆಯಲ್ಲಿ ದೋಷ ಸಿಕ್ಕರೆ ಹಿಂದೆ ಸರಿಯುವ ಹಕ್ಕು ಬೇಡ) ಅಂತ ಬರೆದುಕೊಡದಿದ್ದರೆ ಮಾರುವವರು ನಿಮ್ಮ ಆಫರ್ ಕಡೆ ತಿರುಗಿಯೂ ನೋಡುವುದಿಲ್ಲ. ಕಣ್ಣುಮುಚ್ಚಿ ಬರೆದುಕೊಡುವ ಬದಲು ಆಫರ್‌ಗೆ ಮೊದಲೇ ಶುಕ್ರವಾರ ನಮ್ಮ ಖರ್ಚಿನಲ್ಲಿ ಇನ್ಸ್‌ಪೆಕ್ಟರನ್ನು ಒಳಗೆ ಕಳಿಸುತ್ತಿದ್ದೆವು. ಮನೆ ಸಿಗದಿದ್ದರೆ ಆ ದುಡ್ಡು ನೀರಲ್ಲಿ ಹೋಮ, ಬೇಜಾರು ಮಾಡ್ಕೋಬಾರದು. ಒಂದು ಮನೆ ನೋಡಲು ಚಿನ್ನದಂತಿತ್ತು, ಕ್ಯಾಮೆರಾ ಒಳಗೆ ಇಳಿಸಿ ನೋಡಿದರೆ ಬೀದಿಗೆ ಹೋಗುವ ಒಳಚರಂಡಿ ಪೈಪಿನ ತುಂಬಾ ಮರದ ಬೇರು. ಆ ಪೈಪ್ ಮನೆಯವರದ್ದೇ ಜವಾಬ್ದಾರಿ, ಅಗೆದು ಹಾಕಿಸಲು ಸಾವಿರಾರು ಡಾಲರ್. ಬಿಟ್ಟೆವು. 1980ರ ದಶಕದ ಮನೆಯಾದರೆ ಬೂದು ಬಣ್ಣದ ಪಾಲಿಬ್ಯುಟಿಲೀನ್ ಪೈಪ್ ಇದೆಯಾ ಅಂತಲೂ ನೋಡಿಸಿ. ಅವು ಹೇಳದೆ ಕೇಳದೆ ಒಡೆಯುತ್ತವೆ.

ವಾಸ್ತು ವಿಷಯ ಹೇಳಲೇಬೇಕು. ಪೂರ್ವದ ಬಾಗಿಲಿನ ಮನೆಗೆ ನಮ್ಮವರೇ ಮುಗಿಬೀಳುತ್ತಾರೆ. ನಮಗೆ ಪಶ್ಚಿಮದ ಬಾಗಿಲೂ ಆಗುತ್ತಿತ್ತು. ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು, ಅಷ್ಟೇ.

ಬೆಲೆಗೆ ಎಸ್ಕಲೇಷನ್ ಷರತ್ತು ಹಾಕಿದ್ದೆವು: ಬೇರೆಯವರು ಎಷ್ಟು ಕೊಟ್ಟರೂ ಅದಕ್ಕಿಂತ 5,000 ಡಾಲರ್ ಜಾಸ್ತಿ, ಒಂದು ಮಿತಿ ತನಕ. ಆ ಮಿತಿಯನ್ನು ತಣ್ಣಗೆ ಕೂತು ಮೊದಲೇ ಬರೆದಿಡಿ, ಮಂಗಳವಾರ ಸಂಜೆ ಏಜೆಂಟ್ ಫೋನ್ ಮಾಡಿ "ಇನ್ನೊಂದು ಹತ್ತು ಸಾವಿರ?" ಅಂದಾಗ ತಲೆ ಓಡುವುದಿಲ್ಲ. ಬ್ಯಾಂಕಿನ ಅಪ್ರೈಸರ್ ಮನೆಗೆ ಕಟ್ಟುವ ಬೆಲೆ ನಿಮ್ಮ ಆಫರ್‌ಗಿಂತ ಕಮ್ಮಿ ಬಂದರೆ ಆ ವ್ಯತ್ಯಾಸ ನಿಮ್ಮ ಜೇಬಿಂದಲೇ ಹೋಗಬೇಕು, ಅದನ್ನೂ ಮಿತಿಯಲ್ಲಿ ಸೇರಿಸಿಕೊಳ್ಳಿ.

ಕೊನೆಗೆ ಸಿಕ್ಕ ಮನೆಗೆ ನಮ್ಮದು ಅತಿ ದೊಡ್ಡ ಆಫರ್ ಆಗಿರಲಿಲ್ಲ. ಮಾರುವವರಿಗೆ ಏನು ಬೇಕು ಅಂತ ಏಜೆಂಟ್ ಹತ್ತಿರ ಸುಮ್ನೆ ಕೇಳಿಸಿದೆವು. ಮಗಳ ಶಾಲೆ ಮುಗಿಯುವ ತನಕ ಅಲ್ಲೇ ಇರಬೇಕಿತ್ತಂತೆ. ಮೇ ತಿಂಗಳಲ್ಲಿ ಕ್ಲೋಸಿಂಗ್ (ಮನೆ ನಮ್ಮ ಹೆಸರಿಗೆ ಆಗುವುದು), ಜೂನ್ ಕೊನೆವರೆಗೆ ಬಾಡಿಗೆ ಇಲ್ಲದೆ ಇರಿ ಅಂತ ಬರೆದುಕೊಟ್ಟೆವು. ನೀವೂ ಹೀಗೆ ಮಾಡುವುದಾದರೆ 60 ದಿನ ದಾಟಿಸಬೇಡಿ. ಸ್ವಂತ ವಾಸಕ್ಕೆ ಅಂತ ತಗೊಂಡ ಸಾಲದಲ್ಲಿ ಅಷ್ಟರೊಳಗೆ ನಾವೇ ಹೋಗಿ ಇರಬೇಕು ಅಂತ ಷರತ್ತಿರುತ್ತದೆ. ಹಾಗೆ ಉಳಿಯುವ ಮಾರುವವರಿಂದ ಡಿಪಾಸಿಟ್ ಹಿಡಿದಿಡುವುದನ್ನೂ ಮರೆಯಬೇಡಿ.